ತೋಟದ ಕ್ಯಾಮೆರಾಗೆ ಯಾವ ಕೇಬಲ್? ಮೂರನ್ನೂ ಎಳೆದು ನೋಡಿದ ಮೇಲೆ

ನಮ್ಮ ಅಡಿಕೆ ತೋಟ ತೀರ್ಥಹಳ್ಳಿ ಕಡೆ, ಮನೆಯಿಂದ ಹಳ್ಳ ದಾಟಿ ಹೋಗಬೇಕು. ಅಲ್ಲಿಗೆ ಕರೆಂಟ್ ಲೈನ್ ಇಲ್ಲ. ಇರುವುದು ಒಂದು ಶೆಡ್, ಎರಡು ಸೋಲಾರ್ ಪ್ಯಾನೆಲ್, 12 ವೋಲ್ಟಿನ ಒಂದು ಬ್ಯಾಟರಿ. ಕೊಯ್ಲಿನ ಹೊತ್ತಿಗೆ ರಾತ್ರೋರಾತ್ರಿ ಗೊನೆ ಇಳಿಸಿಕೊಂಡು ಹೋಗುವವರ ಕಾಟ ಶುರುವಾಯಿತು, ಕ್ಯಾಮೆರಾ ಹಾಕಿಸಿದೆ. ಯಾವ ಕ್ಯಾಮೆರಾ ಅಂತ ವಾರಗಟ್ಟಲೆ ತಲೆ ಕೆಡಿಸಿಕೊಂಡೆ. ಕೇಬಲ್ ಬಗ್ಗೆ ಕೇಳಲೇ ಇಲ್ಲ. ಆಮೇಲೆ ಕಾಟ ಕೊಟ್ಟಿದ್ದೆಲ್ಲ ಕೇಬಲ್ಲೇ.

ಸೋಲಾರ್ ಮೇಲೆ ನಡೆಯುವ ಜಾಗಕ್ಕೆ ನನ್ನ ಆಯ್ಕೆ ಅಪ್ಪಟ ತಾಮ್ರದ ಔಟ್‌ಡೋರ್ ಕ್ಯಾಟ್ 6 (ಕಂಪ್ಯೂಟರ್ ನೆಟ್‌ವರ್ಕಿಗೆ ಹಾಕುವ ಕೇಬಲ್), ಜೊತೆಗೆ ಪಿಓಇ, ಅಂದರೆ ಅದೇ ಕೇಬಲ್ಲಿನಲ್ಲಿ ಕರೆಂಟನ್ನೂ ಕಳಿಸುವ ವ್ಯವಸ್ಥೆ. ಇದಕ್ಕೆ ಬರುವ ಮೊದಲು ಇನ್ನೆರಡನ್ನು ಎಳೆದು, ಬಿಚ್ಚಿ ಹಾಕಿದ್ದೇನೆ.

ಮೊದಲು ಹಾಕಿದ್ದು ಎಲ್ಲರೂ ಹಾಕುವ ತ್ರೀ ಪ್ಲಸ್ ಒನ್ ಕೇಬಲ್. ಚಿತ್ರಕ್ಕೆ ಒಂದು ಕೋಆಕ್ಸಿಯಲ್ ಎಳೆ, ಕರೆಂಟಿಗೆ ಸಣ್ಣ ತಂತಿಗಳು, ಎಲ್ಲ ಒಂದೇ ಸುತ್ತಿನಲ್ಲಿ. 90 ಮೀಟರಿನ ರೋಲ್ ಸಿಗುತ್ತದೆ, ಬೆಲೆ ಕಡಿಮೆ. ಶೆಡ್ಡಿನಿಂದ ಅಡಿಕೆ ಒಣಗಿಸುವ ಅಂಗಳಕ್ಕೆ 25 ಮೀಟರ್, ಅಲ್ಲಿ ಏನೂ ತೊಂದರೆ ಆಗಲಿಲ್ಲ. ತೋಟದ ಗೇಟಿಗೆ 85 ಮೀಟರ್. ಎಡವಟ್ಟಾಗಿದ್ದು ಅಲ್ಲಿ.

ಹಗಲು ಚಿತ್ರ ಕನ್ನಡಿಯ ಹಾಗೆ. ಸಂಜೆ ಏಳು ಗಂಟೆಗೆ ಮಾಯ. ಐದು ಸೆಕೆಂಡ್ ಬರುತ್ತದೆ, ಹೋಗುತ್ತದೆ, ಮತ್ತೆ ಬರುತ್ತದೆ. ಕ್ಯಾಮೆರಾ ಕೆಟ್ಟಿದೆ ಅಂದುಕೊಂಡು ಅಂಗಡಿಗೆ ತೆಗೆದುಕೊಂಡು ಹೋದೆ. ಅಲ್ಲಿ ಸಿಕ್ಕಿಸಿದರೆ ಚೆನ್ನಾಗಿಯೇ ಇದೆ! ಬದಲಿಸಿಕೊಂಡು ಬಂದ ಇನ್ನೊಂದರದೂ ಅದೇ ಕಥೆ. ಕೊನೆಗೆ ಒಂದು ಸಂಜೆ ಮೀಟರ್ ಹಿಡಿದುಕೊಂಡು ಗೇಟಿನ ಬುಡದಲ್ಲಿ ಏಣಿ ಹಾಕಿ ಕೂತೆ. ಕತ್ತಲಾಗುತ್ತಿದ್ದ ಹಾಗೆ ಕ್ಯಾಮೆರಾ ಒಳಗೆ 'ಟಕ್' ಅಂತ ಸಣ್ಣ ಸದ್ದು. ಲೆನ್ಸಿನ ಸುತ್ತ ಕೆಂಪು ಚುಕ್ಕಿಗಳು ಮಂಕಾಗಿ ಹೊತ್ತಿದವು, ತಕ್ಷಣ ಆರಿದವು. ಸ್ವಲ್ಪ ಹೊತ್ತಿಗೆ ಮತ್ತೆ 'ಟಕ್'. ಶೆಡ್ಡಿನಲ್ಲಿ ಬ್ಯಾಟರಿ 12.6 ವೋಲ್ಟ್ ತೋರಿಸುತ್ತಿತ್ತು. ಗೇಟಿನಲ್ಲಿ ಹಗಲು 10.4 ಇದ್ದದ್ದು, ಕೆಂಪು ದೀಪ ಹೊತ್ತಿದ ಕೂಡಲೇ 8.2ಕ್ಕೆ ಇಳಿಯಿತು.

ಅಷ್ಟೇ ವಿಷಯ. ರಾತ್ರಿ ನೋಟಕ್ಕೆ ಬೇಕಾದ ಐಆರ್ ದೀಪಗಳು ಹೊತ್ತಿದರೆ ಕ್ಯಾಮೆರಾ ಎಳೆಯುವ ಕರೆಂಟ್ ಹಗಲಿನದ್ದಕ್ಕಿಂತ ಎರಡರಷ್ಟಾಗುತ್ತದೆ. ಅಷ್ಟನ್ನು ಸಾಗಿಸಲು ಕೂದಲಿನಂಥ ತಂತಿಗೆ ಆಗುವುದಿಲ್ಲ, ದಾರಿಯಲ್ಲೇ ವೋಲ್ಟೇಜ್ ಸೋರಿಹೋಗುತ್ತದೆ. 85 ಮೀಟರ್ ಅಂದರೆ ಕರೆಂಟ್ ಹೋಗಿ ಬರಬೇಕಾದ ದಾರಿ 170 ಮೀಟರ್, ಇದನ್ನು ಮರೆಯಬೇಡಿ. ಮನೆಯಲ್ಲಾದರೆ ಕ್ಯಾಮೆರಾ ಪಕ್ಕದಲ್ಲೇ ಒಂದು ಅಡಾಪ್ಟರ್ ಸಿಕ್ಕಿಸಿದರೆ ಮುಗಿಯಿತು. ಕರೆಂಟೇ ಇಲ್ಲದ ತೋಟದಲ್ಲಿ ಎಲ್ಲಿ ಸಿಕ್ಕಿಸುವುದು? ಬೆಳಗಿನ ಜಾವ ಬ್ಯಾಟರಿಯೇ 12ಕ್ಕೆ ಇಳಿದಿರುತ್ತದೆ, ಆಗ ಇನ್ನೂ ಕಷ್ಟ. ಕಳ್ಳರು ಬರುವುದೂ ಅದೇ ಹೊತ್ತಿಗೆ ಅಲ್ವಾ?

1.5 ಎಂಎಂ ತಾಮ್ರದ ವೈರ್ ಬೇರೆಯಾಗಿ ಎಳೆದರೆ ಆಗುತ್ತದೆ ಅಂತ ಒಬ್ಬರು ಹೇಳಿದರು. ನಿಜ, ಲೆಕ್ಕ ಹಾಕಿದರೆ ಒಂದು ವೋಲ್ಟೂ ಇಳಿಯುವುದಿಲ್ಲ. ಆದರೆ ಚಿತ್ರಕ್ಕೆ ಒಂದು, ಕರೆಂಟಿಗೆ ಒಂದು ಅಂತ ಎರಡೆರಡು ಎಳೆಯುವುದು ನನಗೆ ಬೇಡವಾಯಿತು.

ಹೀಗಾಗಿ ಐಪಿ ಕ್ಯಾಮೆರಾ (ನೆಟ್‌ವರ್ಕ್ ಕೇಬಲ್ಲಿನಲ್ಲಿ ಚಿತ್ರ ಕಳಿಸುವುದು), ಎನ್‌ವಿಆರ್ (ಅದರ ಚಿತ್ರ ರೆಕಾರ್ಡ್ ಮಾಡುವ ಪೆಟ್ಟಿಗೆ), ಪಿಓಇ ಕಡೆ ತಿರುಗಿದೆ. ಇದರಲ್ಲಿ ಚಿತ್ರ, ಕರೆಂಟ್ ಎರಡೂ ಒಂದೇ ಕೇಬಲ್ಲಿನಲ್ಲಿ, ಅದೂ 48 ವೋಲ್ಟಿನಲ್ಲಿ. ಐದು ವ್ಯಾಟಿನ ಕ್ಯಾಮೆರಾಗೆ 12 ವೋಲ್ಟಿನಲ್ಲಿ 0.4 ಆಂಪಿಯರ್ ಬೇಕು, 48ರಲ್ಲಿ 0.1 ಸಾಕು. ಕರೆಂಟ್ ನಾಲ್ಕನೇ ಒಂದು ಭಾಗವಾದರೆ ತಂತಿಯಲ್ಲಿ ಆಗುವ ನಷ್ಟ ಹದಿನಾರನೇ ಒಂದು ಭಾಗ. 12 ವೋಲ್ಟನ್ನೇ ತೆಗೆದುಕೊಂಡು 48 ಕೊಡುವ ಪಿಓಇ ಸ್ವಿಚ್ (ಕ್ಯಾಮೆರಾ ಕೇಬಲ್ಲುಗಳು ಬಂದು ಸೇರುವ ಪೆಟ್ಟಿಗೆ) ಸಿಗುತ್ತದೆ, ಅದನ್ನೇ ಕೇಳಿ. ಮನೆ ಕರೆಂಟಿನಲ್ಲಿ ನಡೆಯುವ ಮಾಮೂಲಿ ಸ್ವಿಚ್ ತಂದರೆ ಅದೊಂದಕ್ಕೋಸ್ಕರ 24 ಗಂಟೆ ಇನ್ವರ್ಟರ್ ಓಡಿಸಬೇಕು. ಇನ್ವರ್ಟರ್ ಸುಮ್ನೆ ಆನ್ ಇದ್ದರೂ ಬ್ಯಾಟರಿ ತಿನ್ನುತ್ತದೆ.

ಇಲ್ಲೂ ಒಂದು ತಪ್ಪಾಯಿತು. ಅಗ್ಗಕ್ಕೆ ಸಿಕ್ಕ ಕ್ಯಾಟ್ 6 ತಂದೆ. ಡಬ್ಬಿ ಎತ್ತಿದಾಗಲೇ ಹಗುರ ಅನ್ನಿಸಿತ್ತು. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಗೇಟಿನ ಕ್ಯಾಮೆರಾ ಬಂದೂ ಬಾರದ ಹಾಗೆ ಆಡತೊಡಗಿತು. ತುದಿಯ ಕನೆಕ್ಟರ್ ಕತ್ತರಿಸಿ ನೋಡಿದರೆ ಒಳಗೆ ಬಿಳಿ ಪುಡಿ. ಮುಟ್ಟಿದ್ದೇ ತಡ ತಂತಿ ಪಟಕ್ಕನೆ ಮುರಿಯಿತು. ಅದು ಸಿಸಿಎ, ಅಂದರೆ ಅಲ್ಯೂಮಿನಿಯಂ ಮೇಲೆ ತೆಳ್ಳಗೆ ತಾಮ್ರ ಹೊದಿಸಿದ್ದು. ಮಲೆನಾಡಿನ ಥಂಡಿಗೆ ಇದು ಬಾಳುವುದಿಲ್ಲ. ಕೊಳ್ಳುವ ಮೊದಲು ತುದಿಯನ್ನು ಬ್ಲೇಡಿನಿಂದ ಕೆರೆದು ನೋಡಿ. ಒಳಗೂ ಕೆಂಪಗಿದ್ದರೆ ತಾಮ್ರ. ಬೆಳ್ಳಗೆ ಕಂಡರೆ ಅಲ್ಲೇ ಬಿಟ್ಟು ಬನ್ನಿ.

ಈಗ ಇರುವುದು ಕಪ್ಪು ಹೊರಕವಚದ, ಪೂರ್ತಿ ತಾಮ್ರದ ಕೇಬಲ್. ದುಡ್ಡು ಸಿಸಿಎಗಿಂತ ಎರಡು ಪಟ್ಟಿಗೂ ಜಾಸ್ತಿ ಆಯಿತು. ಹಾಕಿದ ಮೇಲೆ ಎರಡು ಮಳೆಗಾಲ ದಾಟಿದೆ, ಒಂದು ರಾತ್ರಿಯೂ ಚಿತ್ರ ತಪ್ಪಿಲ್ಲ. ಮರದಿಂದ ಮರಕ್ಕೆ ಕಟ್ಟಲು ಹೋಗಬೇಡಿ. ನನ್ನ ಹಳೇ ಕೇಬಲ್ ಮೇಲೆ ಸೋಗೆ ಬಿದ್ದು ಎರಡು ಸಲ ಕಿತ್ತು ಬಂದಿತ್ತು, ಅಳಿಲು ಕಡಿದಿದ್ದು ಬೇರೆ. ಈಗ ನೀರಿನ ಕಪ್ಪು ಎಚ್‌ಡಿಪಿಇ ಪೈಪಿನೊಳಗೆ ಹಾಕಿ ಹೂತಿದ್ದೇನೆ. ಕ್ಯಾಮೆರಾ ಹತ್ತಿರ ಕೇಬಲ್ಲನ್ನು ಒಂದು ಗೇಣು ಕೆಳಗೆ ಜೋತುಬಿಟ್ಟು ಮೇಲಕ್ಕೆ ತನ್ನಿ. ಮಳೆನೀರು ಆ ಬಾಗಿನಲ್ಲೇ ತೊಟ್ಟಿಕ್ಕುತ್ತದೆ, ಕ್ಯಾಮೆರಾ ಡಬ್ಬಿಯೊಳಗೆ ಹೋಗುವುದಿಲ್ಲ.

ಈ ಕೇಬಲ್ಲಿಗೂ 100 ಮೀಟರಿನ ಮಿತಿ ಇದೆ. ಹಳ್ಳದ ಪಂಪ್ ಮನೆ 240 ಮೀಟರ್ ದೂರ, ಅಲ್ಲಿಗೆ ಫೈಬರ್, ಅಂದರೆ ಗಾಜಿನ ಎಳೆಯ ಕೇಬಲ್ ಎಳೆದೆ. ಏಪ್ರಿಲ್, ಮೇ ಗುಡುಗಿಗೆ ಗಾಜಿನ ಎಳೆಯಲ್ಲಿ ಸಿಡಿಲಿನ ಹೊಡೆತ ಹರಿದು ಬರುವುದಿಲ್ಲ ಅನ್ನುವ ನೆಮ್ಮದಿ ಇದೆ. ಆದರೆ ಫೈಬರ್ ಕರೆಂಟ್ ಒಯ್ಯುವುದಿಲ್ಲ. ಅಲ್ಲೊಂದು ಬೇರೆ ಪ್ಯಾನೆಲ್, ಬೇರೆ ಬ್ಯಾಟರಿ. ದೂರ ಅಷ್ಟಿಲ್ಲದಿದ್ದರೆ ಈ ಉಸಾಬರಿ ಬೇಡ.

ಒಂದೇ ಕ್ಯಾಮೆರಾ, 25–30 ಮೀಟರ್ ಅಷ್ಟೇ ಅಂದರೆ ತ್ರೀ ಪ್ಲಸ್ ಒನ್ ಹಾಕಿ, ದುಡ್ಡು ಉಳಿಯುತ್ತದೆ. ಅದಕ್ಕಿಂತ ದೂರ ಅಂದರೆ ತಾಮ್ರದ ಕ್ಯಾಟ್ 6. 305 ಮೀಟರಿನ ಡಬ್ಬಿ ದುಬಾರಿ ಅನ್ನಿಸಿದರೆ ಪಾಲು ಮಾಡಿಕೊಳ್ಳಿ. ನನಗೆ ಬೇಕಾಗಿದ್ದು ಅರ್ಧ, ಉಳಿದರ್ಧ ಪಕ್ಕದ ತೋಟದವರು ದುಡ್ಡು ಕೊಟ್ಟು ತೆಗೆದುಕೊಂಡರು.