ನಲ್ ವಿಷಯದಲ್ಲಿ ನನ್ನ ಓಟು ಸ್ವಿಫ್ಟ್‌ಗೆ

ಒಂದೇ ಆ್ಯಪ್ ಅನ್ನು ಮೊದಲು ಆಬ್ಜೆಕ್ಟಿವ್-ಸಿ, ಆಮೇಲೆ ಸ್ವಿಫ್ಟ್, ಕಾಟ್ಲಿನ್, ಕೊನೆಗೆ ಡಾರ್ಟ್ ಅಂತ ನಾಲ್ಕು ಪ್ರೋಗ್ರಾಮಿಂಗ್ ಭಾಷೆಗಳಲ್ಲೂ ಬರೆದಿದ್ದೇನೆ. ಉಳಿದೆಲ್ಲ ವ್ಯತ್ಯಾಸಕ್ಕೂ ಬೇಗ ಒಗ್ಗಿಕೊಂಡೆ. ಆದರೆ "ಇಲ್ಲಿ ಏನೂ ಇಲ್ಲ" ಅನ್ನುವುದನ್ನು, ಅಂದರೆ ನಲ್ ಅನ್ನು, ಒಂದೊಂದು ಭಾಷೆಯೂ ಒಂದೊಂದು ಥರ ಹೇಳುತ್ತದೆ, ನನಗೆ ಜಾಸ್ತಿ ಕ್ರ್ಯಾಶ್ ಬಂದಿದ್ದೆಲ್ಲ ಅಲ್ಲೇ.

ಆಬ್ಜೆಕ್ಟಿವ್-ಸಿಯಲ್ಲಿ ಇದಕ್ಕೆ ನಾಲ್ಕು ಹೆಸರು. ಆಬ್ಜೆಕ್ಟ್‌ಗೆ ನಿಲ್, ಕ್ಲಾಸ್‌ಗೆ ದೊಡ್ಡಕ್ಷರದ ನಿಲ್, ಸಿ ಪಾಯಿಂಟರ್‌ಗೆ ನಲ್, ಅರೇ ಮತ್ತು ಡಿಕ್ಷನರಿ ಒಳಗಿಡಲು ಎನ್‌ಎಸ್‌ನಲ್. ನಿಲ್‌ಗೆ ಮೆಸೇಜ್ ಕಳಿಸಿದರೆ ಏನೂ ಆಗುವುದಿಲ್ಲ, ಸುಮ್ನೆ ಸೊನ್ನೆಯೋ ನಿಲ್ಲೋ ವಾಪಸ್ ಬರುತ್ತದೆ. ಎನ್‌ಎಸ್‌ನಲ್ ಹಾಗಲ್ಲ, ಅದು ನಿಜವಾದ ಆಬ್ಜೆಕ್ಟ್. ಸರ್ವರ್ ಡೇಟಾ ಕಳಿಸುವ ಪಠ್ಯರೂಪವಾದ ಜೆಸನ್‌ನಲ್ಲಿ ಬಂದ ನಲ್ ಎನ್‌ಎಸ್‌ನಲ್ ಆಗಿ ಕೂತಿರುತ್ತದೆ, ನಾವು ಸ್ಟ್ರಿಂಗ್ (ಅಕ್ಷರಗಳ ಸಾಲು) ಅಂದುಕೊಂಡು ಅದರ ಉದ್ದ ಕೇಳಿದ ತಕ್ಷಣ ಆ್ಯಪ್ ಬಿದ್ದುಹೋಗುತ್ತದೆ. ಹೊಸ ಕೆಲಸಕ್ಕೆ ಇದು ಬೇಡ.

ಕಾಟ್ಲಿನ್ ಬಳಸಲು ಎಲ್ಲಕ್ಕಿಂತ ಹಾಯಾದದ್ದು. ಟೈಪ್ (ಡೇಟಾದ ಬಗೆ) ಹೆಸರಿನ ಕೊನೆಗೆ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದರೆ ಅಲ್ಲಿ ನಲ್ ಇರಬಹುದು ಅಂತ, ಇಲ್ಲದಿದ್ದರೆ ಇರಬಾರದು ಅಂತ. ಒಂದು ಸಲ ಇಫ್ ಹಾಕಿ ನೋಡಿದರೆ ಸಾಕು, ಮುಂದಿನದನ್ನು ಸಾಮಾನ್ಯವಾಗಿ ಕಂಪೈಲರ್ ತಾನೇ ಅರ್ಥ ಮಾಡಿಕೊಳ್ಳುತ್ತದೆ. ಆದರೆ ಜಾವಾ ಕಡೆಯಿಂದ ಬಂದ, ಯಾವ ಗುರುತೂ ಇಲ್ಲದ ಟೈಪ್‌ಗಳಲ್ಲಿ ಈ ರಕ್ಷಣೆ ಸಡಿಲ. ಅಲ್ಲಿ ನಂಬಿ ಕೂತರೆ ಹಳೇ ನಲ್ ಪಾಯಿಂಟರ್ ಎಕ್ಸೆಪ್ಷನ್ನೇ ಮತ್ತೆ ಎದುರಾಗುತ್ತದೆ.

ಡಾರ್ಟ್‌ಗೆ ನಲ್ ಸೇಫ್ಟಿ (ಎಲ್ಲಿ ನಲ್ ಇರಬಹುದು ಅಂತ ಕಂಪೈಲರೇ ನೋಡಿಕೊಳ್ಳುವ ರಕ್ಷಣೆ) ಬಂದದ್ದು 2021ರಲ್ಲಿ, 2.12ರ ಜೊತೆ. 2023ರ ಡಾರ್ಟ್ 3ರಿಂದ ಅದು ಕಡ್ಡಾಯ. ಗಟ್ಟಿಯಾಗಿದೆ, ದೂರು ಕಡಿಮೆ.

ಹಾಗಿದ್ದರೆ ಸ್ವಿಫ್ಟ್ ಯಾಕೆ? ಪ್ರೊಫೈಲ್ ಬದಲಿಸುವ ಸ್ಕ್ರೀನ್ ತಗೊಳ್ಳಿ. ನಿಕ್‌ನೇಮ್ ಬಗ್ಗೆ ಸರ್ವರ್‌ಗೆ ಹೇಳಬೇಕಾದದ್ದು ಮೂರು ಥರ: ಮುಟ್ಟಬೇಡ, ಅಳಿಸು, ಇದನ್ನು ಇಡು. ಕಾಟ್ಲಿನ್‌ನಲ್ಲಿ ನಾನು ಬರೆದ ಕೋಡ್‌ನಲ್ಲಿ ಮೊದಲ ಎರಡೂ ಒಂದೇ ನಲ್ ಆಗಿಬಿಟ್ಟವು. ಜನ ಫೋಟೋ ಬದಲಿಸಿದರೆ ಅವರ ನಿಕ್‌ನೇಮೇ ಮಾಯ! ಕಾಟ್ಲಿನ್‌ನಲ್ಲಿ ಎರಡು ಪ್ರಶ್ನಾರ್ಥಕ ಚಿಹ್ನೆ ಹಾಕಿದರೂ ಅದು ಒಂದಕ್ಕೇ ಸಮ, ಮೂರನೇ ಸ್ಥಿತಿ ಬೇಕಿದ್ದರೆ ಸೀಲ್ಡ್ ಕ್ಲಾಸ್ (ಮೊದಲೇ ಗೊತ್ತುಮಾಡಿದ ಬಗೆಗಳಷ್ಟೇ ಇರುವ ಕ್ಲಾಸ್) ಬರೆದುಕೊಳ್ಳಬೇಕು. ಸ್ವಿಫ್ಟ್‌ನ ಆಪ್ಷನಲ್ ಅನ್ನುವುದು ನನ್ (ಏನೂ ಇಲ್ಲ), ಸಮ್ (ಏನೋ ಇದೆ) ಎಂಬ ಎರಡು ಕೇಸ್ ಇರುವ ಸಾಧಾರಣ ಈನಮ್ (ಆಯ್ಕೆಗಳ ಪಟ್ಟಿಯಂಥ ಟೈಪ್) ಅಷ್ಟೇ. ಹಾಗಾಗಿ ಒಂದರೊಳಗೆ ಇನ್ನೊಂದನ್ನು ಇಡಬಹುದು. ಹೊರಗಿನದೇ ಖಾಲಿ ಅಂದರೆ ಮುಟ್ಟಬೇಡ, ಒಳಗಿನದು ಖಾಲಿ ಅಂದರೆ ಅಳಿಸು. ಎಷ್ಟು ಸ್ಪಷ್ಟ ಅಲ್ವಾ?

ಒಂದು ಎಚ್ಚರಿಕೆ ಮಾತ್ರ ಇದೆ. ಜೆಸನ್ ಓದಿ ಬರೆಯಲು ಸ್ವಿಫ್ಟ್‌ನಲ್ಲಿರುವ ಕೋಡಬಲ್ ತಾನಾಗಿ ಬರೆದುಕೊಡುವ ಡಿಕೋಡಿಂಗ್ (ಓದುವ ಕೋಡ್), ಕೀ (ಡೇಟಾದಲ್ಲಿನ ಹೆಸರು) ಇಲ್ಲದ್ದನ್ನೂ ಕೀ ಇದ್ದು ನಲ್ ಇರುವುದನ್ನೂ ಒಂದೇ ಮಾಡಿಬಿಡುತ್ತದೆ. ಸರ್ವರ್‌ನಿಂದ ಓದುವಾಗ ಈ ವ್ಯತ್ಯಾಸ ಬೇಕಿದ್ದರೆ ಕೀ ಇದೆಯಾ ಅಂತ ಮೊದಲು ಕೇಳುವ ನಾಲ್ಕು ಸಾಲು ನೀವೇ ಬರೆಯಬೇಕು. ಮತ್ತೆ ಆಶ್ಚರ್ಯಸೂಚಕ ಚಿಹ್ನೆ ಹಾಕಿ ಬಲವಂತವಾಗಿ ಬಿಚ್ಚುವ ಅಭ್ಯಾಸ ಮಾತ್ರ ಇಟ್ಟುಕೊಳ್ಳಬೇಡಿ, ಖಾಲಿ ಇದ್ದರೆ ಅಲ್ಲಿಂದಲೇ ಹೊರಬರುವ ಗಾರ್ಡ್ ಲೆಟ್ ಬರೆಯಲು ಎರಡು ಸಾಲು ಜಾಸ್ತಿ ಆದರೂ ಪರವಾಗಿಲ್ಲ.