ಬೇ ಸಾಮ್ ಬುಕ್ ಪಡಿಯಚ್ಚು: ಓದಲು ಒರಟು, ಹಾಡಲು ಸರಿ

ಅಮೆರಿಕದ ಇಂಗ್ಲಿಷ್ ವಸಾಹತುಗಳಲ್ಲಿ ಅಚ್ಚಾದ ಮೊದಲ ಪುಸ್ತಕವೆಂಬ ಹೆಸರು ಬೇ ಸಾಮ್ ಬುಕ್‌ನದು. ಇದು ಬೈಬಲಿನ ಕೀರ್ತನೆಗಳ (ಇಂಗ್ಲಿಷಿನಲ್ಲಿ ‘ಸಾಮ್’) ಇಂಗ್ಲಿಷ್ ಪದ್ಯಾನುವಾದ. ಮ್ಯಾಸಚೂಸೆಟ್ಸ್‌ನ ಕೇಂಬ್ರಿಜ್‌ನಲ್ಲಿ 1640ರಲ್ಲಿ ಸುಮಾರು 1,700 ಪ್ರತಿ ಅಚ್ಚು ಹಾಕಿದರು. ಇವತ್ತು ಉಳಿದಿರುವುದು 11. ಅವುಗಳಲ್ಲೊಂದು 2013ರ ಹರಾಜಿನಲ್ಲಿ 1.41 ಕೋಟಿ ಡಾಲರಿಗೂ ಮೇಲೆ ಹೋಯಿತು. ಹಾಗಾಗಿ ಸಾಮಾನ್ಯ ಓದುಗರಿಗೆ ದಕ್ಕುವುದು ಪಡಿಯಚ್ಚೇ, ಅಂದರೆ ಮೂಲದ ಪುಟಗಳನ್ನು ಇದ್ದ ಹಾಗೇ ಅಚ್ಚು ಹಾಕಿದ ಪ್ರತಿ. ಇಲ್ಲಿ ಪರಿಶೀಲಿಸುತ್ತಿರುವುದು ಶಿಕಾಗೊ ವಿಶ್ವವಿದ್ಯಾಲಯದ ಪ್ರಕಾಶನ 1956ರಲ್ಲಿ ಹೊರತಂದ ಜೋಡಿ ಸಂಪುಟ: ಒಂದರಲ್ಲಿ ಮೂಲದ ಪಡಿಯಚ್ಚು, ಇನ್ನೊಂದರಲ್ಲಿ ಜೋಲ್ಟಾನ್ ಹಾರಸ್ತಿ ಬರೆದ ಅಧ್ಯಯನ.

ಮೊದಲೇ ಹೇಳಿಬಿಡಬೇಕಾದ ಮಾತು: ಕಾವ್ಯದ ಸೊಗಸು ಹುಡುಕುವವರಿಗೆ ಈ ಪುಸ್ತಕ ಅಲ್ಲ. ಇದು ವಾದ್ಯವಿಲ್ಲದೆ, ಗಾಯಕವೃಂದವಿಲ್ಲದೆ, ಇಡೀ ಸಭೆ ಒಟ್ಟಾಗಿ ಹಾಡಲೆಂದು ಮಾಡಿದ ಸಲಕರಣೆ. ಹಾಗೆ ಬಳಸಿದರೆ ಇದರ ಒರಟುತನಕ್ಕೆಲ್ಲ ಕಾರಣ ಸಿಗುತ್ತದೆ. ಹಾಡದೆ ಓದಿದರೆ ಹತ್ತು ಪುಟಕ್ಕೆ ಬೇಸರ ಹತ್ತುವುದು ಖಂಡಿತ.

ಓದನ್ನು ಮುನ್ನುಡಿಯಿಂದಲೇ ಶುರುಮಾಡಿ. ಇಂಗ್ಲೆಂಡಿನ ಚರ್ಚು ಇನ್ನಷ್ಟು ಶುದ್ಧವಾಗಬೇಕೆಂದ ಪ್ರಾಟೆಸ್ಟಂಟರಾದ ಪ್ಯೂರಿಟನ್ನರ ನಂಬಿಕೆಯ ಸಾರ ಇಷ್ಟು ಚಿಕ್ಕ ಜಾಗದಲ್ಲಿ ಬೇರೆಲ್ಲಿಯೂ ಸಿಗುವುದು ಕಷ್ಟ. ಅದು ಮೂರು ಪ್ರಶ್ನೆ ಎತ್ತುತ್ತದೆ. ಸಭೆಯಲ್ಲಿ ಹಾಡಬೇಕಾದದ್ದು ದಾವೀದನ ಮತ್ತು ಬೈಬಲಿನ ಇತರ ಕೀರ್ತನೆಗಳನ್ನೋ, ಭಕ್ತರು ಹೊಸದಾಗಿ ಕಟ್ಟಿದವನ್ನೋ? ಬೈಬಲಿನದ್ದೇ ಆದರೆ ಇದ್ದ ಹಾಗೆಯೋ, ಇಂಗ್ಲಿಷ್ ಛಂದಸ್ಸಿಗೆ ಇಳಿಸಿಯೋ? ಹಾಡುವವರು ಯಾರು, ಎಲ್ಲರೂ ಸೇರಿಯೋ, ಒಬ್ಬ ಹಾಡಿ ಉಳಿದವರು ಕೊನೆಗೆ ‘ಆಮೆನ್’ ಎನ್ನುವುದೋ? ಉತ್ತರ: ಬೈಬಲಿನವನ್ನು, ಛಂದಸ್ಸಿನಲ್ಲಿ, ಎಲ್ಲರೂ ಸೇರಿ. ದೇವರು ತನ್ನ ವಾಕ್ಯದಲ್ಲಿ ವಿಧಿಸದೆ ಇರುವುದು ಆರಾಧನೆಯೊಳಗೆ ಬರಕೂಡದು ಎಂಬುದು ಇವರ ಮೂಲ ನಿಯಮ. ಅವರ ಸಭೆಗಳಲ್ಲಿ ಆರ್ಗನ್ ಇಲ್ಲದ್ದೂ, ಸ್ವಂತ ರಚನೆಯ ಸ್ತೋತ್ರಗಳಿಲ್ಲದ್ದೂ ಇದರಿಂದಲೇ. ಮುನ್ನುಡಿ ಮುಗಿಯುವ ಹೊತ್ತಿಗೆ ಆ ಪ್ರಸಿದ್ಧ ಸಮರ್ಥನೆ ಬರುತ್ತದೆ: ದೇವರ ಯಜ್ಞವೇದಿಗೆ ನಮ್ಮ ನಯಗೆಲಸ ಬೇಡ. ಉಳಿ ಮುಟ್ಟಿದ ಕಲ್ಲಿನಿಂದ ವೇದಿ ಕಟ್ಟಬಾರದೆಂಬ ವಿಮೋಚನಕಾಂಡದ 20ನೇ ಅಧ್ಯಾಯವೇ ಇದಕ್ಕೆ ಆಧಾರ. ಪದ್ಯ ಒರಟಾಗಿದೆ ಎಂದು ಮೂಗು ಮುರಿಯುವವರಿಗೆ ಅವರು ಮೊದಲೇ ಉತ್ತರ ಕೊಟ್ಟಿಟ್ಟಿದ್ದರು.

ಇಂಗ್ಲಿಷಿನಲ್ಲಿ ಆಗಲೇ ಸ್ಟರ್ನ್‌ಹೋಲ್ಡ್ ಮತ್ತು ಹಾಪ್ಕಿನ್ಸ್ ಅವರ ಕೀರ್ತನೆಗಳಿದ್ದವು. ಅವು ಹೀಬ್ರೂ ಮೂಲಕ್ಕೆ ಸಾಕಷ್ಟು ನಿಷ್ಠವಾಗಿಲ್ಲವೆಂಬ ತಕರಾರಿನಿಂದ ಈ ಹೊಸ ಅನುವಾದ ಹುಟ್ಟಿತು. ಅನುವಾದಕರೆಂದು ಪರಂಪರೆಯಿಂದ ಹೇಳಿಕೊಂಡು ಬಂದ ಹೆಸರುಗಳು ಪಾದ್ರಿಗಳಾದ ರಾಕ್ಸ್‌ಬರಿಯ ಜಾನ್ ಎಲಿಯಟ್, ಥಾಮಸ್ ವೆಲ್ಡ್ ಮತ್ತು ಡಾರ್ಚೆಸ್ಟರಿನ ರಿಚರ್ಡ್ ಮ್ಯಾಥರ್. ಮುನ್ನುಡಿಯೂ ಮ್ಯಾಥರನದೇ ಎಂದು ಬಹುಕಾಲ ನಂಬಿದ್ದರು. ಅದು ಬಾಸ್ಟನ್ನಿನ ಪಾದ್ರಿ ಜಾನ್ ಕಾಟನ್‌ನದು ಎಂದು ವಾದಿಸಿದವರು ಹಾರಸ್ತಿ. ಎರಡನೇ ಸಂಪುಟದ ನಿಜವಾದ ಬೆಲೆ ಇಂಥ ಪತ್ತೇದಾರಿಯಲ್ಲಿದೆ.

ಇನ್ನು ಹಾಡುವ ವಿಷಯ. ಮೊದಲ ಆವೃತ್ತಿಯಲ್ಲಿ ಒಂದೇ ಒಂದು ಸ್ವರಲಿಪಿಯೂ ಇಲ್ಲ. ಪಡಿಯಚ್ಚು ಕೊಂಡವರು ಸಾಮಾನ್ಯವಾಗಿ ಎಡವುವುದು ಇಲ್ಲೇ. ಕೊನೆಯಲ್ಲಿರುವ ಓದುಗರಿಗೆ ಸೂಚನೆ ಎಂಬ ಪುಟ್ಟ ಟಿಪ್ಪಣಿ ತೆರೆಯಿರಿ. ಪದ್ಯಗಳು ಆರು ಬಗೆಯವು, ಮೊದಲ ಬಗೆಯವನ್ನು ಥಾಮಸ್ ರೇವನ್ಸ್‌ಕ್ರಾಫ್ಟ್ ಸಂಗ್ರಹದ ಸುಮಾರು 40 ಧಾಟಿಗಳಲ್ಲಿ ಹಾಡಬಹುದು ಎಂದು ಅದು ಹೇಳುತ್ತದೆ. ಆ ಸಂಗ್ರಹ 1621ರದು. ಹೆಚ್ಚಿನ ಕೀರ್ತನೆಗಳು 8-6-8-6 ಉಚ್ಚಾರಾಂಶಗಳ ನಾಲ್ಕು ಸಾಲಿನವು. ಎರಡನೆಯ ಮತ್ತು ನಾಲ್ಕನೆಯ ಸಾಲಿಗೆ ಅಂತ್ಯಪ್ರಾಸ. ಯಾರ್ಕ್ ಅಥವಾ ವಿಂಡ್ಸರ್, ಎರಡರಲ್ಲಿ ಒಂದು ಧಾಟಿ ಬಾಯಿಗೆ ಬಂದರೆ ಪುಸ್ತಕದ ದೊಡ್ಡ ಭಾಗ ಬಂದಂತೆಯೇ.

23ನೇ ಕೀರ್ತನೆಯಿಂದ ಆರಂಭಿಸುವುದು ಒಳ್ಳೆಯದು: ‘ದ ಲಾರ್ಡ್ ಟು ಮೀ ಅ ಶೆಪರ್ಡ್ ಈಸ್, ವಾಂಟ್ ದೇರ್‌ಫೋರ್ ಶಲ್ ನಾಟ್ ಐ.’ ಕ್ರಿಯಾಪದವನ್ನು ಸಾಲಿನ ಕೊನೆಗೆ ತಳ್ಳಿದ್ದು ಇಂಗ್ಲಿಷ್ ಕಿವಿಗೆ ತಿರುಚಿದಂತೆ ಕೇಳುತ್ತದೆ. (ಕನ್ನಡದವರಿಗೆ ಅಷ್ಟು ಕಷ್ಟವಾಗಲಾರದು.) ಆದರೆ ಬೆರಳು ಮಡಿಸಿ ಎಣಿಸಿ ನೋಡಿ: ಎಂಟು, ಆರು. ಹಗುರ-ಭಾರ ಹಗುರ-ಭಾರ ಎಂಬ ನಡಿಗೆ ಒಂದು ಕಡೆಯೂ ಮುಗ್ಗರಿಸುವುದಿಲ್ಲ. ನಿಧಾನವಾದ ಧಾಟಿಗೆ ಹಾಕಿದ ಕೂಡಲೇ ಆ ತಿರುಚು ಕರಗಿಹೋಗುತ್ತದೆ.

ಎಲ್ಲ ಕಡೆ ಹೀಗೆ ಒದಗಿಬರುವುದಿಲ್ಲ. 100ನೇ ಕೀರ್ತನೆಯ ಸಾಲುಗಳು ಎಂಟೆಂಟು ಉಚ್ಚಾರಾಂಶದವು. ಅದರ ‘ಸರ್ವ್ ಯೀ ಜೆಹೋವಾ ವಿತ್ ಗ್ಲ್ಯಾಡ್‌ನೆಸ್’ ಎಂಬ ಸಾಲಿನಲ್ಲಿ ಲೆಕ್ಕ ಸರಿಯಿದ್ದರೂ ಭಾರ ಬೀಳುವುದು ‘ವಿತ್’ ಮತ್ತು ‘ನೆಸ್’ ಮೇಲೆ. ಹೀಬ್ರೂ ಅರ್ಥ ಉಳಿಸಿಕೊಳ್ಳುವ ಹಟದಲ್ಲಿ ಒತ್ತು ಜಾರಿಬಿಟ್ಟಿದೆ. ಪ್ರತಿ ಸ್ವರವನ್ನೂ ಸಮ ಉದ್ದಕ್ಕೆ ಎಳೆದು ಹಾಡುವುದೊಂದೇ ಪರಿಹಾರ.

ಅಚ್ಚಿನ ಗುಣಮಟ್ಟ ನಿರೀಕ್ಷಿಸಬೇಡಿ. ಮುದ್ರಣಯಂತ್ರ ತರಿಸಿದ ಪಾದ್ರಿ ಜೋಸ್ ಗ್ಲೋವರ್ 1638ರಲ್ಲಿ ಹಡಗಿನಲ್ಲೇ ತೀರಿಕೊಂಡ. ಯಂತ್ರ ಅವನ ಹೆಂಡತಿ ಎಲಿಜಬೆತ್‌ಳ ಪಾಲಿಗೆ ಬಂತು, ಕೆಲಸ ಬೀಗ ಮಾಡುವ ಕಸುಬಿನ ಸ್ಟೀಫನ್ ಡೇ ಪಾಲಿಗೆ. ಫಲಿತಾಂಶ 148 ಹಾಳೆಗಳ ಉದ್ದಕ್ಕೂ ಕಾಣುತ್ತದೆ. ಪುಟದ ನೆತ್ತಿಯ ‘ಸಾಮ್’ ಎಂಬ ಪದಕ್ಕೆ ಬಲಪುಟದಲ್ಲಿ ಕೊನೆಗೊಂದು ‘ಇ’ ಅಕ್ಷರವಿದೆ, ಎಡಪುಟದಲ್ಲಿ ಇಲ್ಲ. ವಿರಾಮಚಿಹ್ನೆ ಎಲ್ಲೆಂದರಲ್ಲಿ ಬಿದ್ದಿದೆ. ಒಡೆಯಲಾಗದ ಏಕಾಕ್ಷರ ಪದವನ್ನೂ ಸಾಲಿನ ಕೊನೆಯಲ್ಲಿ ಅಡ್ಡಗೆರೆ ಹಾಕಿ ಒಡೆದಿದ್ದಾರೆ. ಕೊನೆಯ ತಪ್ಪೋಲೆಯಲ್ಲಿ ಕೆಲವನ್ನು ತಿದ್ದಿ, ಉಳಿದವನ್ನು ಕಣ್ಣಿಗೆ ಬಿದ್ದಂತೆ ನೀವೇ ತಿದ್ದಿಕೊಳ್ಳಿ ಎಂದುಬಿಟ್ಟಿದ್ದಾರೆ! ಪಡಿಯಚ್ಚು ಇವನ್ನೆಲ್ಲ ಹಾಗೇ ಉಳಿಸಿಕೊಂಡಿರುವುದು ದೊಡ್ಡ ಉಪಕಾರ. ಓದುವಾಗ ‘ಎಫ್’ನಂತೆ ಕಾಣುವ ಉದ್ದನೆಯ ‘ಎಸ್’ ಒಂದಕ್ಕೆ ಕಣ್ಣು ಒಗ್ಗಬೇಕು. ಅಡ್ಡಗೀಟು ಪೂರ್ತಿ ದಾಟಿದ್ದರೆ ಅದು ‘ಎಫ್’.

ಈ ಪುಸ್ತಕ ಎಲ್ಲ ವಲಸಿಗರದ್ದೂ ಅಲ್ಲ ಎಂಬುದು ನೆನಪಿರಲಿ. ಇಂಗ್ಲೆಂಡಿನ ಚರ್ಚಿನಿಂದ ಪೂರ್ತಿ ಬೇರೆಯಾಗಿದ್ದ ಪಕ್ಕದ ಪ್ಲಿಮತ್ ವಸಾಹತಿನವರು 1612ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಅಚ್ಚಾದ ಹೆನ್ರಿ ಏನ್ಸ್‌ವರ್ತ್ ಕೀರ್ತನೆಗಳನ್ನೇ 1692ರವರೆಗೆ ಹಾಡಿದರು. ಈ ಪುಸ್ತಕ ಹುಟ್ಟಿದ ಮ್ಯಾಸಚೂಸೆಟ್ಸ್ ಬೇ ವಸಾಹತಿನಲ್ಲೂ ಎಲ್ಲರ ಕೈಯಲ್ಲಿ ಪುಸ್ತಕವಿರಲಿಲ್ಲ. ಓದು ಬಾರದವರಿಗಾಗಿ ಒಬ್ಬರು ಸಾಲು ಹೇಳಿ, ಸಭೆ ಅದನ್ನು ಹಾಡುವ ಕ್ರಮವನ್ನು ಕಾಟನ್ 1647ರಲ್ಲಿ ಒಪ್ಪಿದ. ಅದರ ಅಡ್ಡಪರಿಣಾಮ ಮುಂದಿನ ತಲೆಮಾರುಗಳಲ್ಲಿ ಕಂಡಿತು: ಸಾಲುಸಾಲಿಗೂ ನಿಂತು ನಿಂತು ಧಾಟಿಗಳು ತಮ್ಮ ಆಕಾರ ಕಳೆದುಕೊಂಡವು. 1720ರ ಸುಮಾರಿಗೆ ಸ್ವರಲಿಪಿ ನೋಡಿ ಹಾಡಬೇಕೋ ಬೇಡವೋ ಎಂದು ಸಭೆಗಳಲ್ಲಿ ಜಗಳವೇ ಎದ್ದಿತು.

ಕೊಳ್ಳುವವರಿಗೆ ಒಂದೆರಡು ಮಾತು. ಬರೀ ಪಡಿಯಚ್ಚಿನ ಸಂಪುಟಕ್ಕಾಗಿ ಹಣ ಹಾಕುವ ಅಗತ್ಯವಿಲ್ಲ. ಮೂಲದ ಸ್ಕ್ಯಾನ್ ಪುಟಗಳು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ತಾಣದಲ್ಲಿ ಪುಕ್ಕಟೆ ಇವೆ. ಹಾರಸ್ತಿ ಸಂಪುಟವೂ ಜೊತೆಗಿದ್ದರೆ ಮಾತ್ರ ಕೊಳ್ಳಿ. ಅಗ್ಗದ ಮರುಮುದ್ರಣಗಳಲ್ಲಿ ಯಾವ ಆವೃತ್ತಿ ಎಂದು ಮೊದಲು ನೋಡಿಕೊಳ್ಳಿ. 1651ರಲ್ಲಿ ಹೆನ್ರಿ ಡನ್‌ಸ್ಟರ್ ಮತ್ತು ರಿಚರ್ಡ್ ಲಯನ್ ಪಠ್ಯವನ್ನು ತಿದ್ದಿ ನಯಗೊಳಿಸಿದರು, ಆಮೇಲೆ ಬಂದವೆಲ್ಲ ಆ ಪಠ್ಯದವೇ. ನಯಗೆಲಸ ಬೇಡವೆಂದ ಪುಸ್ತಕಕ್ಕೆ ಹನ್ನೊಂದೇ ವರ್ಷದಲ್ಲಿ ಆದ ಗತಿ ಇದು. ಧಾಟಿ ಸಮೇತ ಬೇಕಿದ್ದರೆ 1698ರ ಒಂಬತ್ತನೇ ಆವೃತ್ತಿಯನ್ನು ಹುಡುಕಿ. ಅದರಲ್ಲಿ 13 ಧಾಟಿಗಳ ಸ್ವರಲಿಪಿ ಇದೆ, ಯಾರ್ಕ್ ಮತ್ತು ವಿಂಡ್ಸರ್ ಎರಡೂ ಅವುಗಳಲ್ಲಿವೆ. ಅದರಿಂದ ಧಾಟಿ ಕಲಿತು, 1640ರ ಪದಗಳನ್ನು ಕೂರಿಸಿ ಹಾಡಬಹುದು; ಉಚ್ಚಾರಾಂಶಗಳ ಅಳತೆ ಒಂದೇ ಇರುವುದರಿಂದ ಅಡ್ಡಿಯಾಗುವುದಿಲ್ಲ.