ನಿತ್ಯಜೀವನದ ನಡುವೆ ಇಗ್ನಾಸಿ ಸಾಧನೆಗಳು: ಒಂದು ಮಾರ್ಗದರ್ಶನ ಸೇವೆಯ ವಿಮರ್ಶೆ

ಒಂದು ತಿಂಗಳ ಮೌನಕ್ಕೆ ಹೋಗಲು ಬಿಡುವಿಲ್ಲದವರಿಗಾಗಿ, ಜೆಸ್ವಿಟ್ ಸಂಘದ ಸ್ಥಾಪಕ ಸಂತ ಇಗ್ನಾಸಿ ಲೊಯೋಲರ ‘ಆಧ್ಯಾತ್ಮಿಕ ಸಾಧನೆಗಳನ್ನು’, ಅಂದರೆ ಹಂತಹಂತವಾಗಿ ಸಾಗುವ ಪ್ರಾರ್ಥನೆ ಮತ್ತು ಧ್ಯಾನಗಳ ಕ್ರಮವನ್ನು, ಮನೆ ಮತ್ತು ಉದ್ಯೋಗದ ನಡುವೆಯೇ ಮಾಡಿಸುವ ಮಾರ್ಗದರ್ಶನ ಸೇವೆಯೊಂದನ್ನು ನಾನು ಕೊನೆಯವರೆಗೂ ಪಡೆದಿದ್ದೇನೆ. ಪ್ರತಿದಿನ ಏಕಾಂತ ಪ್ರಾರ್ಥನೆ, ಮಲಗುವ ಮುನ್ನ ಆತ್ಮಶೋಧನೆ, ವಾರಕ್ಕೊಮ್ಮೆ ಮಾರ್ಗದರ್ಶಕರೊಡನೆ ವೀಡಿಯೊ ಕರೆಯಲ್ಲಿ ಮಾತುಕತೆ: ಇದು ಅದರ ಸ್ವರೂಪ. ಇದೇ ಮಾದರಿಯ ಸೇವೆಗಳು ಹಲವು ಕಡೆ ದೊರೆಯುವುದರಿಂದ ಕೇಂದ್ರದ ಹೆಸರು ಇಲ್ಲಿ ಮುಖ್ಯವಲ್ಲ.

ಇದು ಇಂಟರ್ನೆಟ್ ಯುಗದ ಅಗ್ಗದ ದಾರಿಯೆಂದು ಮೂಗುಮುರಿಯುವವರಿದ್ದಾರೆ. ಆದರೆ ಈ ದಾರಿ ಮೂಲ ಪುಸ್ತಕದಲ್ಲಿಯೇ ಇದೆ. 1521ರಲ್ಲಿ ಸ್ಪೇನಿನ ಪಾಂಪ್ಲೋನಾದ ಕೋಟೆಯಲ್ಲಿ ಫಿರಂಗಿ ಗುಂಡಿನಿಂದ ಕಾಲು ಮುರಿದುಕೊಂಡ ಇಗ್ನಾಸಿ, ಮರುವರ್ಷ ಅಲ್ಲಿನ ಮನ್ರೇಸಾ ಪಟ್ಟಣದಲ್ಲಿ ತಂಗಿದ್ದಾಗ ಬರೆದಿಡಲಾರಂಭಿಸಿದ ಟಿಪ್ಪಣಿಗಳೇ ಮುಂದೆ ಪುಸ್ತಕವಾಗಿ, 1548ರಲ್ಲಿ ಪೋಪ್ ಮೂರನೆಯ ಪೌಲರ ಅನುಮೋದನೆಯೊಂದಿಗೆ ಅಚ್ಚಾದವು. ಸಾರ್ವಜನಿಕ ಹೊಣೆಗಳಲ್ಲಿ ಮುಳುಗಿರುವವರು ದಿನಕ್ಕೆ ಒಂದೂವರೆ ತಾಸು ಮೀಸಲಿಟ್ಟು ಸಾಧನೆ ಮಾಡಬಹುದೆಂದು ಅದರ ಆರಂಭದಲ್ಲಿರುವ ಸೂಚನೆಗಳಲ್ಲಿ ಹತ್ತೊಂಬತ್ತನೆಯದೇ ಹೇಳುತ್ತದೆ. ಸಾಧನೆಯ ನಾಲ್ಕು ಹಂತಗಳಾದ ‘ವಾರ’ಗಳೆಂದರೆ ಏಳೇಳು ದಿನಗಳೇ ಆಗಬೇಕಿಲ್ಲ, ಸಾಧಕರ ಸ್ಥಿತಿ ನೋಡಿ ಹಿಗ್ಗಿಸಬಹುದು ಅಥವಾ ಕುಗ್ಗಿಸಬಹುದು ಎಂಬ ಮಾತೂ ಅಲ್ಲಿದೆ. ಆದ್ದರಿಂದ ಸೇವೆಯ ಮೂಲ ಚೌಕಟ್ಟಿನ ಬಗ್ಗೆ ನನ್ನ ತಕರಾರಿಲ್ಲ.

ಈ ಸೇವೆಯ ನಿಜವಾದ ಬೆಲೆ ತಿಳಿಯುವುದು ಮೊದಲ ವಾರದಲ್ಲಿ. ಶುದ್ಧೀಕರಣದ ಹಾದಿಗೆ ಹೊಂದುವ ವಾರವಿದು ಎಂದು ಇಗ್ನಾಸಿಯವರೇ ಗುರುತಿಸಿದ್ದಾರೆ. ದೇವದೂತರ ಪತನ, ಆದಾಮನ ಅವಿಧೇಯತೆ, ಬಳಿಕ ಸಾಧಕರ ಸ್ವಂತ ಪಾಪಗಳು, ಕೊನೆಗೆ ನರಕ, ಹೀಗೆ ಅದರ ವಸ್ತುಗಳು ಸಾಗುತ್ತವೆ. ಇಂಥ ಸಾಮಗ್ರಿ ಅಳತೆಗೆಟ್ಟ ಕೈಗೆ ಸಿಕ್ಕರೆ ಜನರನ್ನು ಹೆದರಿಸುವ ಉಪಕರಣವಾಗಿಬಿಡುತ್ತದೆ, ಇಲ್ಲವೇ ನಾನೇ ನನ್ನನ್ನು ತೊಳೆದುಕೊಳ್ಳುವೆನೆಂಬ ಹಟವನ್ನು ಬೆಳೆಸುತ್ತದೆ. ನನಗೆ ದೊರೆತ ಮಾರ್ಗದರ್ಶಕರು ಎರಡಕ್ಕೂ ಎಡೆಗೊಡಲಿಲ್ಲ. ಪಾಪಗಳ ಪಟ್ಟಿ ಬರೆದು ತರಬೇಕೆಂದು ಅವರು ಹೇಳಲಿಲ್ಲ. ಬದಲಿಗೆ ಶಿಲುಬೆಯ ಮೇಲಿರುವ ಕ್ರಿಸ್ತನ ಮುಂದೆ ನಿಂತು, ಆತನಿಗಾಗಿ ನಾನು ಏನು ಮಾಡಿದ್ದೇನೆ, ಏನು ಮಾಡುತ್ತಿದ್ದೇನೆ, ಏನು ಮಾಡಬೇಕು ಎಂಬ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಲು ಮೂಲದ ಕ್ರಮದಂತೆಯೇ ಸೂಚಿಸಿ, ದಿನಗಟ್ಟಲೆ ಅಲ್ಲಿಯೇ ನಿಲ್ಲಿಸಿದರು. ಪಶ್ಚಾತ್ತಾಪವನ್ನು ನಾವು ಹುಟ್ಟಿಸಿಕೊಳ್ಳುವುದಲ್ಲ, ಬೇಡಿ ಪಡೆಯುವುದು ಎಂಬುದು ಅಲ್ಲಿ ಮನವರಿಕೆಯಾಗುತ್ತದೆ. ಶುದ್ಧಹೃದಯವನ್ನು ನನ್ನಲ್ಲಿ ನಿರ್ಮಿಸು ಎಂದು 51ನೆಯ ಕೀರ್ತನೆ ದೇವರನ್ನೇ ಕೇಳಿಕೊಳ್ಳುತ್ತದೆಯಲ್ಲವೇ!

ಮಾರ್ಗದರ್ಶಕರ ಈ ಸಂಯಮವೇ ಇಡೀ ಸೇವೆಯ ಅತ್ಯುತ್ತಮ ಅಂಶ. ಸಾಧನೆ ಮಾಡಿಸುವವರು ತಕ್ಕಡಿಯ ಮುಳ್ಳಿನಂತೆ ನಡುವೆ ನಿಂತು, ಸೃಷ್ಟಿಕರ್ತನು ತನ್ನ ಸೃಷ್ಟಿಯೊಡನೆ ನೇರವಾಗಿ ವ್ಯವಹರಿಸಲು ಬಿಡಬೇಕೆಂದು ಹದಿನೈದನೆಯ ಸೂಚನೆ ವಿಧಿಸುತ್ತದೆ. ನಮ್ಮ ಮಾತುಕತೆಗಳಲ್ಲಿ ಅವರು ಹೆಚ್ಚಾಗಿ ಆಲಿಸಿದರು. ಪ್ರಾರ್ಥನೆ ಬರಡಾದ ದಿನಗಳ ಬಗ್ಗೆ ಹೇಳಿದಾಗ ಉಪದೇಶ ಮಾಡದೆ, ಅಂಥ ದಿನ ನಿಗದಿತ ವೇಳೆಗಿಂತ ತುಸು ಹೆಚ್ಚೇ ಕುಳಿತಿರಿ ಎಂದಷ್ಟೇ ಹೇಳಿದರು. ಆ ಸಲಹೆಯೂ ಮೂಲದ್ದೇ.

ಇಷ್ಟು ಚೆನ್ನಾಗಿ ನಡೆದ ಸೇವೆಗೆ ಅಂಕಗಳ ಆ್ಯಪ್ ಏಕೆ ಅಂಟಿಕೊಂಡಿತೋ ತಿಳಿಯದು. ಪ್ರತಿರಾತ್ರಿ ಆತ್ಮಶೋಧನೆಯ ಬಳಿಕ ತಾಳ್ಮೆ, ನಮ್ರತೆ, ಕ್ಷಮೆ ಮುಂತಾದ ಗುಣಗಳಿಗೆ ಅಂಕ ಕೊಟ್ಟುಕೊಂಡರೆ ವಾರಾಂತ್ಯದಲ್ಲಿ ನಕ್ಷೆಯೊಂದು ಮೂಡುತ್ತದೆ. ಇಗ್ನಾಸಿಯವರೂ ಗೆರೆಗಳ ಮೇಲೆ ಚುಕ್ಕಿಯಿಟ್ಟು ಲೆಕ್ಕ ಮಾಡಲು ಹೇಳಿದ್ದಾರೆಂದು ಕೇಂದ್ರದವರು ಸಮರ್ಥಿಸಿಕೊಳ್ಳುತ್ತಾರೆ. ಅದು ದಿಟ, ಆದರೆ ಆ ಚುಕ್ಕಿಗಳು ಸಾಧಕರು ತಿದ್ದಿಕೊಳ್ಳಲು ಆರಿಸಿಕೊಂಡ ಒಂದೇ ನಿರ್ದಿಷ್ಟ ದೋಷಕ್ಕೆ, ಅದರಲ್ಲಿ ಎಷ್ಟು ಸಲ ಬಿದ್ದೆವೆಂಬುದಕ್ಕೆ ಸಂಬಂಧಿಸಿದವು. ಬಿದ್ದುದನ್ನು ಎಣಿಸಬಹುದು, ನಮ್ರತೆಗೆ ಹತ್ತಕ್ಕೆ ಎಂಟು ಅಂಕ ಹಾಕಿಕೊಂಡವರಲ್ಲಿ ಉಳಿಯುವ ನಮ್ರತೆ ಎಷ್ಟೆಂದು ಕೇಂದ್ರದವರೇ ಯೋಚಿಸಲಿ. ಆ್ಯಪ್ ಕಡ್ಡಾಯವಲ್ಲ ಎಂಬುದೊಂದು ಸಮಾಧಾನ.

ಎರಡನೆಯ ವಾರದಿಂದ ಗಮನ ಪಾಪದಿಂದ ಯೇಸುವಿನ ಜೀವನಕ್ಕೆ ಹೊರಳುತ್ತದೆ, ರೂಪಾಂತರದ ಮಾತು ಆರಂಭವಾಗುವುದು ಇಲ್ಲಿಯೇ. ಪ್ರಭುವಿನ ಮಹಿಮೆಯನ್ನು ನೋಡುತ್ತ ಅದೇ ಸಾರೂಪ್ಯಕ್ಕೆ ಮಾರ್ಪಡುತ್ತೇವೆಂದು ಪ್ರೇಷಿತ ಪೌಲನು ಕೊರಿಂಥದವರಿಗೆ ಬರೆದ ಎರಡನೆಯ ಪತ್ರದಲ್ಲಿ ಹೇಳುವುದನ್ನು ಈ ವಾರದ ಧ್ಯಾನಗಳು ಆಚರಣೆಗೆ ತರುತ್ತವೆ. ಹತ್ತು ಸಾವಿರ ಡ್ಯೂಕಟ್ (ಆ ಕಾಲದ ಚಿನ್ನದ ನಾಣ್ಯ) ಹಣ ಗಳಿಸಿದ ಮೂರು ಬಗೆಯ ಜನರ ಧ್ಯಾನ ನನಗೆ ಎಲ್ಲಕ್ಕಿಂತ ತೀಕ್ಷ್ಣವೆನಿಸಿತು: ಒಬ್ಬನು ಮೋಹ ಬಿಡಬೇಕೆಂದು ಬಯಸುತ್ತಲೇ ಸಾಯುವ ತನಕ ಏನೂ ಮಾಡುವುದಿಲ್ಲ, ಇನ್ನೊಬ್ಬನು ಹಣವನ್ನು ಇಟ್ಟುಕೊಂಡೇ ಮೋಹವನ್ನು ಬಿಡಲು ದೇವರೊಡನೆ ಚೌಕಾಸಿ ನಡೆಸುತ್ತಾನೆ, ಮೂರನೆಯವನು ಇಟ್ಟುಕೊಳ್ಳುವುದಕ್ಕೂ ಬಿಡುವುದಕ್ಕೂ ಸಮಾನವಾಗಿ ಸಿದ್ಧನಿರುತ್ತಾನೆ. ಧಾರ್ಮಿಕರೆನಿಸಿಕೊಂಡ ನಮ್ಮಲ್ಲಿ ಬಹುಪಾಲು ಮಂದಿ ಎರಡನೆಯ ಗುಂಪಿಗೇ ಸೇರುತ್ತೇವೆ. ಆದರೆ ಇದಕ್ಕೆ ಕೇಂದ್ರವು ಕೊಟ್ಟ ಕಾಲ ತೀರಾ ಕಡಿಮೆ. ಯೇಸುವಿನ ಯಾತನೆ ಮತ್ತು ಪುನರುತ್ಥಾನವನ್ನು ಧ್ಯಾನಿಸುವ ಮೂರನೆಯ ಮತ್ತು ನಾಲ್ಕನೆಯ ವಾರಗಳು ಅಚ್ಚುಕಟ್ಟಾಗಿದ್ದವು. ಅವುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ.

ಗಂಭೀರವಾದ ಇನ್ನೊಂದು ಕೊರತೆಯಿದೆ. ಆಂತರಿಕ ಪ್ರೇರಣೆಗಳನ್ನು ವಿವೇಚಿಸುವ ನಿಯಮಗಳ ಮೊದಲ ಕಂತು ಮೊದಲ ವಾರಕ್ಕೇ ಹೆಚ್ಚು ಹೊಂದುವುದೆಂದು ಪುಸ್ತಕದ ತಲೆಬರಹದಲ್ಲಿಯೇ ಇದ್ದರೂ, ಕೇಂದ್ರದವರು ಅದನ್ನು ಕಳುಹಿಸಿದ್ದು ಸಾಧನೆ ಅರ್ಧ ಮುಗಿದ ಮೇಲೆ. ಮನಸ್ಸು ಕತ್ತಲಲ್ಲಿರುವಾಗ ಹಿಂದೆ ಮಾಡಿದ ನಿರ್ಧಾರವನ್ನು ಬದಲಿಸಬಾರದೆಂಬ ನಿಯಮ, ಸಾಧನೆಯನ್ನೇ ಬಿಟ್ಟುಬಿಡೋಣವೆನಿಸುವ ಆರಂಭದ ದಿನಗಳಲ್ಲಿ ಬೇಕಾದದ್ದು.

ಮೊದಲ ವಾರದ ಬಳಿಕ ಮಾಡುವುದು ಒಳಿತೆಂದು ಇಗ್ನಾಸಿ ಹೇಳಿದ ಸಮಗ್ರ ಪಾಪನಿವೇದನೆಗೆ, ಅಂದರೆ ಇಡೀ ಜೀವನದ ಪಾಪಗಳನ್ನು ಗುರುಗಳ ಮುಂದೆ ಒಪ್ಪಿಕೊಳ್ಳುವುದಕ್ಕೆ, ಇಲ್ಲಿ ವ್ಯವಸ್ಥೆಯಿಲ್ಲ. ಕಥೋಲಿಕರು ತಮ್ಮ ಧರ್ಮಕೇಂದ್ರದ ಗುರುಗಳನ್ನು ಮೊದಲೇ ಕಂಡಿರುವುದು ಒಳ್ಳೆಯದು. ಇತರ ಕ್ರೈಸ್ತ ಸಭೆಗಳವರೂ ಸೇರಬಹುದು. ಶುಭಸಂದೇಶಗಳೊಡನೆ ಪ್ರತಿದಿನ ಕೂರುವ ಅಭ್ಯಾಸ ಈಗಾಗಲೇ ಇರುವವರಿಗೆ, ಆ್ಯಪನ್ನು ಬದಿಗಿಡುವ ಷರತ್ತಿನೊಂದಿಗೆ, ಈ ಸೇವೆಯನ್ನು ಶಿಫಾರಸು ಮಾಡುತ್ತೇನೆ. ಕ್ಷಮಿಸಲ್ಪಟ್ಟ ಪಾಪಗಳನ್ನೇ ಮತ್ತೆ ಮತ್ತೆ ಕೆದಕುವ ಅತಿಶಂಕೆಯಿಂದ ನರಳುವವರು, ಇಗ್ನಾಸಿಯವರೂ ಮನ್ರೇಸಾದಲ್ಲಿ ಅದರಿಂದ ಬಹಳ ನೊಂದಿದ್ದರು, ಸೇರುವ ಮುನ್ನವೇ ಮಾರ್ಗದರ್ಶಕರೊಡನೆ ಮನಬಿಚ್ಚಿ ಮಾತನಾಡಿ, ಮೊದಲ ವಾರವನ್ನು ತಮಗೆ ಹೊಂದುವಂತೆ ಹಗುರಗೊಳಿಸಲು ಕೇಳಿಕೊಳ್ಳಬೇಕು.